ಬಲೆ ಮೊದಲು, ಪರಿಹಾರ ಆಮೇಲೆ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಭತ್ತದ ಕೊಯಿಲು ಮುಗಿದೊಡನೆ ಕುರಿಮಂದೆಗಳು ಇಳಿಯುತ್ತವೆ. ರೈತನ ಹೊಲಕ್ಕೆ ಗೊಬ್ಬರ ದೊರೆಯುತ್ತದೆ. ಕುರಿಗಾಹಿಗೆ ಕಾಳು ಅಥವಾ ಹಣ. ಆದರೆ ಬಯಲಿನ ರಾತ್ರಿಗಳು ಅವನಿಗೆ ಜಾಗರಣೆಯೇ ಸರಿ. ಕುರುಚಲಿನಿಂದ ತೋಳ ಬಂದೀತು. ಕುರುಗೋಡಿನಂಥ ಕಲ್ಲುಗುಡ್ಡಗಳ ಬದಿಯಲ್ಲಿ ಚಿರತೆಯ ಭಯವೂ ಉಂಟು.

ಕೊಂದುಬಿಟ್ಟರೆ ಪೀಡೆ ತೊಲಗೀತು ಎನ್ನುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದನ್ನು ನಿಷೇಧಿಸಿದೆ. ಕಾಯಿದೆಯ ಮಾತು ಹಾಗಿರಲಿ. ಸತ್ತ ಕುರಿಗೆ ಹಚ್ಚಿದ ವಿಷವು ತೋಳವೊಂದನ್ನೇ ಆರಿಸಿ ಕೊಲ್ಲದು, ಹದ್ದನ್ನೂ ಮಂದೆಯ ನಾಯಿಯನ್ನೂ ಕೊಲ್ಲುತ್ತದೆ. ಒಂದು ತೋಳ ಸತ್ತರೂ ಕಾವಲಿಲ್ಲದ ಹಟ್ಟಿಗೆ ಮತ್ತೊಂದು ಬರಬಹುದು.

ಬೇಟೆಯಾಡುವ ಪ್ರಾಣಿಯು ಅಲ್ಪ ಶ್ರಮದ ಆಹಾರವನ್ನು ಅರಸುತ್ತದೆ. ಆ ಶ್ರಮವನ್ನು ಹೆಚ್ಚಿಸುವುದೇ ಸರಿಯಾದ ಉಪಾಯ. ಎತ್ತರದ ಬಲೆ ಅಥವಾ ಜಾಲಿಮುಳ್ಳಿನ ಬೇಲಿ, ಚಿರತೆಯಿರುವಲ್ಲಿ ಮೇಲ್ಗಡೆಯೂ ಹೊದಿಕೆ, ಮಿನುಗುವ ದೀಪ ಇವೆಲ್ಲವೂ ಸಾಧನಗಳೇ. ದೀಪದ ಸ್ಥಳವನ್ನು ಮಾತ್ರ ಬದಲಿಸುತ್ತಿರಬೇಕು. ಇಲ್ಲವಾದರೆ ಮೃಗವು ಅದಕ್ಕೆ ಒಗ್ಗಿಹೋಗುತ್ತದೆ. ಆಫ್ರಿಕದ ನಮೀಬಿಯಾ ದೇಶದಲ್ಲಿ ಚೀತಾ ಸಂರಕ್ಷಣಾ ನಿಧಿಯು 1994ರಿಂದ ತುರ್ಕಿ ಮೂಲದ ಕಾವಲುನಾಯಿಗಳನ್ನು ರೈತರಿಗೆ ಒದಗಿಸುತ್ತಿದೆ. ಮರಿಯಾಗಿದ್ದಾಗಿನಿಂದ ಆಡುಕುರಿಗಳೊಡನೆ ಬೆಳೆದ ನಾಯಿಯು ಮಂದೆಯನ್ನೇ ತನ್ನ ಬಳಗವೆಂದು ಕಾಯುತ್ತದೆ. ನಾಯಿಯ ಬೆಲೆಯನ್ನು ನಮ್ಮ ಕುರಿಗಾಹಿಗಳೂ ಬಲ್ಲರು.

ಆದರೆ ಬಲೆಗೂ ದೀಪಕ್ಕೂ ನಾಯಿಯ ಅನ್ನಕ್ಕೂ ಹಣ ಬೇಕಷ್ಟೆ. ಬಳ್ಳಾರಿ ನಗರದಲ್ಲಿ ಕುಳಿತು ತೋಳದ ಉಳಿವನ್ನು ಹಾರೈಸುವವರು ಆ ವೆಚ್ಚವನ್ನೆಲ್ಲ ಕುರಿಗಾಹಿಯ ತಲೆಗೇ ಕಟ್ಟುವುದು ನ್ಯಾಯವೆ? ಪರಿಹಾರವು ಬರುವುದು ಕುರಿ ಸತ್ತ ಮೇಲೆ. ಬಲೆಯು ಅದಕ್ಕೆ ಮೊದಲೇ ಬರಬೇಕು.