ಕೆಡವಿ ಕಟ್ಟುವ ಹಸಿರು

ಪುಣೆಯಲ್ಲಿ ಈಗ ಒಂದು ಕಟ್ಟಡ ಹಸಿರಾಗಬೇಕಾದರೆ ಮೊದಲು ಇನ್ನೊಂದು ಕಟ್ಟಡ ಉರುಳಬೇಕು. ಕೋಥ್ರೂಡಿನಿಂದ ಸಹಕಾರನಗರದವರೆಗೆ ತಗಡಿನ ಬೇಲಿಗಳ ಹಿಂದೆ ಮೂವತ್ತು ನಲವತ್ತು ವರ್ಷದ ಹೌಸಿಂಗ್ ಸೊಸೈಟಿಗಳು ಪುಡಿಯಾಗುತ್ತಿವೆ. ಬೇಲಿಯ ಮೇಲೆ ಹೊಸ ಟವರಿನ ಚಿತ್ರ, ಒಂದು ಎಲೆಯ ಗುರುತು, ಪಕ್ಕದಲ್ಲಿ ‘ನೆಟ್ ಝೀರೋ’ ಎಂಬ ಮಾತು. ಜಾಹೀರಾತಿನ ಮಾಮೂಲಿ ಬಡಾಯಿ ಎಂದು ಇದನ್ನು ಬಿಟ್ಟುಬಿಡುವಂತಿಲ್ಲ. ಇದು ಲೆಕ್ಕದಲ್ಲೇ ಮಾಡಿದ ಮೋಸ.

ನಮ್ಮ ಸೊಸೈಟಿಯೂ ಈಗ ಆ ಸಾಲಿನಲ್ಲಿದೆ. 24 ಮನೆ, ನಾಲ್ಕು ಅಂತಸ್ತು, ಲಿಫ್ಟ್ ಇಲ್ಲ. ಬಿಲ್ಡರ್ ತಂದ ಸ್ಲೈಡುಗಳಲ್ಲಿ 14 ಮಹಡಿ, 90 ಮನೆ, ಅವುಗಳ ಕೆಳಗೆ ಎರಡು ಹಂತದ ಪಾರ್ಕಿಂಗ್. ಸೋಲಾರ್, ಎಲ್‌ಇಡಿ ದೀಪ, ಮಳೆನೀರು ಕೊಯ್ಲು, ನೀರುಳಿಸುವ ನಲ್ಲಿ ಎಲ್ಲ ಇತ್ತು. ಸಿಮೆಂಟ್ ಎಂಬ ಶಬ್ದ ಮಾತ್ರ ಎಲ್ಲೂ ಇರಲಿಲ್ಲ. ನಮ್ಮ ಐಟಿಯಲ್ಲಿ ಯಾರಾದರೂ ಕಟ್ಟುವ ಖರ್ಚು ಬಿಟ್ಟು ನಡೆಸುವ ಖರ್ಚನ್ನಷ್ಟೇ ತೋರಿಸಿ ಬಜೆಟ್ ತಂದರೆ ಚಹಾ ಕುಡಿಸಿ ವಾಪಸ್ ಕಳಿಸುತ್ತೇವೆ.

ಸಿಮೆಂಟ್ ಆಗಬೇಕಾದರೆ ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಡಬೇಕು. ಕಲ್ಲಿದ್ದಲಿನ ಹೊಗೆ ಒಂದು ಪಾಲು. ಅದಕ್ಕಿಂತ ದೊಡ್ಡ ಪಾಲು ಕಲ್ಲಿನ ಒಡಲಿನಿಂದಲೇ ಹೊರಬೀಳುವ ಇಂಗಾಲದ ಡೈಆಕ್ಸೈಡ್. ಕುಲುಮೆಯನ್ನು ಬಿಸಿಲಿನಿಂದ ಉರಿಸಿದರೂ ಇದು ತಪ್ಪುವುದಿಲ್ಲ. ಒಂದು ಟನ್ ಸಿಮೆಂಟಿಗೆ ಅರ್ಧ ಟನ್ನಿಗೂ ಮಿಕ್ಕಿ ಹೊರಬರುತ್ತದೆ. ಜಗತ್ತಿನ ಒಟ್ಟು ಹೊರಸೂಸುವಿಕೆಯಲ್ಲಿ ಶೇ. 7–8ರಷ್ಟು ಈ ಒಂದೇ ಉದ್ಯಮದ್ದು. ನಮ್ಮ ವಾಡಿ, ಸೇಡಂ, ಮಳಖೇಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಷ್ಟ್ರಕೂಟರ ಮಾನ್ಯಖೇಟ ಇಂದು ಸಿಮೆಂಟಿನ ಊರು! ಅದೇ ಸೀಮೆಯ ಶಹಾಬಾದ್ ಕಲ್ಲು ಪುಣೆಯ ಹಳೆಯ ಮನೆಗಳ ನೆಲದಲ್ಲಿ ‘ಶಹಾಬಾದಿ ಫರ್ಶಿ’ಯಾಗಿ ಕೂತಿದೆ. ಎಬ್ಬಿಸಿ, ಕೊಯ್ದು, ಹಾಸಿದರೆ ಮುಗಿಯಿತು, ಸುಡುವ ಮಾತಿಲ್ಲ. ನಮ್ಮ ಮೆಟ್ಟಿಲಿಗೂ ಅದೇ ಕಲ್ಲು. ಇನ್ನೂ ಐವತ್ತು ವರ್ಷ ಅಲುಗುವುದಿಲ್ಲ. ಅದನ್ನು ಒಡೆದು ಲಾರಿಗೆ ತುಂಬಿ, ಕುಲುಮೆಯಲ್ಲಿ ಬೆಂದ ವಿಟ್ರಿಫೈಡ್ ಟೈಲ್ಸ್ ತಂದು ಹಾಸುವುದೂ ಈ ಹಸಿರಿನೊಳಗೇ ಬರುತ್ತದೆ.

ಹೋಗಲಿ, ಕಟ್ಟಿದ ಮೇಲಾದರೂ ಸೊನ್ನೆಯಾಗುತ್ತದೆಯೇ? ನಮ್ಮ ತಾರಸಿ 4000 ಚದರಡಿ. ಟ್ಯಾಂಕು, ಓಡಾಟಕ್ಕೆಂದು ಅರ್ಧ ಬಿಡಿ. ನೂರು ಚದರಡಿಗೆ ಒಂದು ಕಿಲೋವ್ಯಾಟ್, ಅದಕ್ಕೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಎಂದರೆ ಒಟ್ಟು 80 ಯೂನಿಟ್. 24 ಮನೆಗೆ ಹಂಚಿದರೆ ತಲಾ ಮೂರು ಚಿಲ್ಲರೆ. ಎಸಿ ಇಲ್ಲದ ಸಂಸಾರಕ್ಕೆ ಬಹುಪಾಲು ಸಾಕು. ಅಷ್ಟೇ ತಾರಸಿಯನ್ನು 90 ಮನೆಗೆ ಹಂಚಿದರೆ ತಲಾ ಒಂದು ಯೂನಿಟ್ಟೂ ಇಲ್ಲ. ಲಿಫ್ಟು, ಪಂಪು, ಪಾರ್ಕಿಂಗಿನ ದೀಪಗಳಿಗೇ ಅದು ಮುಗಿಯುತ್ತದೆ. ಮಹಡಿ ಏರಿದಷ್ಟೂ ಸೊನ್ನೆ ದೂರ ಹೋಗುತ್ತದೆ.

ಸರ್ಕಾರದ್ದು ಇನ್ನೊಂದು ತಮಾಷೆ. ಮಹಾರಾಷ್ಟ್ರದ 2020ರ ಏಕೀಕೃತ ಕಟ್ಟಡ ನಿಯಮಾವಳಿಯ ಪ್ರಕಾರ ಹಸಿರು ರೇಟಿಂಗ್ ಪಡೆದವರಿಗೆ ದರ್ಜೆ ನೋಡಿಕೊಂಡು ಶೇ. 3, 5, 7ರಷ್ಟು ಹೆಚ್ಚುವರಿ ಎಫ್‌ಎಸ್‌ಐ ಸಿಗುತ್ತದೆ. ಕುಡಿತ ಬಿಟ್ಟವನಿಗೆ ಬಾಟಲಿ ಇನಾಮು ಕೊಟ್ಟಂತೆ.

ಮೂರನೇ ಮಹಡಿಯ ಕಾಕೂಗೆ ಮಂಡಿನೋವು, ಅವರಿಗೆ ಲಿಫ್ಟ್ ಬೇಕೇಬೇಕು. ಹೊರಗೋಡೆಗೆ ತಾಗಿಸಿ ಲಿಫ್ಟ್ ಕೂರಿಸಿದ ಸೊಸೈಟಿ ನಮ್ಮ ಹಿಂದಿನ ರಸ್ತೆಯಲ್ಲೇ ಇದೆ. ಕಂಬದ ಕಬ್ಬಿಣ ತುಕ್ಕು ತಿಂದು ಹೋಗಿದ್ದರೆ ಕೆಡವಲೇಬೇಕು, ಅದರಲ್ಲಿ ತಕರಾರಿಲ್ಲ. ನಮ್ಮ ಸ್ಟ್ರಕ್ಚರಲ್ ಆಡಿಟ್ ಹಾಗೆ ಹೇಳಿಲ್ಲ. ಆರು ಕಂಬಗಳಿಗೆ ಜಾಕೆಟಿಂಗ್, ತಾರಸಿಗೆ ವಾಟರ್‌ಪ್ರೂಫಿಂಗ್ ಎಂದಿದೆ. ಇನ್ನು 90 ಸಂಸಾರಗಳು ಊರ ಹೊರಗೆ ಚದುರುವುದಕ್ಕಿಂತ ನಡುವೆಯೇ ಇದ್ದರೆ ಓಡಾಟದ ಪೆಟ್ರೋಲ್ ಉಳಿಯುತ್ತದೆ ಎನ್ನುವ ವಾದ. ಇದು ಗಟ್ಟಿಯಾದ ವಾದ, ಒಪ್ಪುತ್ತೇನೆ. ಹಾಗಿದ್ದರೆ ಎರಡು ಹಂತದ ಪಾರ್ಕಿಂಗ್ ಯಾಕೆ? ಅಲ್ಲಿ ಯಾವ ಸಂಸಾರವೂ ವಾಸಿಸುವುದಿಲ್ಲ, ಸಿಮೆಂಟು ಮಾತ್ರ ನುಂಗುತ್ತದೆ. ಉಳಿತಾಯ ಎಷ್ಟು, ಸುಟ್ಟದ್ದು ಎಷ್ಟು, ಯಾವ ವರ್ಷಕ್ಕೆ ಎರಡೂ ಸಮವಾಗುತ್ತವೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಲಿ.

ಹೊಸ ಮನೆಯಲ್ಲಿ ಇನ್ನೂರು ಚದರಡಿ ಹೆಚ್ಚು ಸಿಗುತ್ತದೆ, ಅದಕ್ಕೇ ಬೇಕು ಎನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನಿಜ ಹೇಳುತ್ತಿದ್ದಾರೆ. ಆ ಆಸೆಗೆ ಎಲೆಯ ಗುರುತು ಅಂಟಿಸುವವರ ಜೊತೆಗಷ್ಟೇ ನನ್ನ ಜಗಳ.

ಮುಲುಂಡ್‌ನಲ್ಲೋ ಡೊಂಬಿವಲಿಯಲ್ಲೋ ನಿಮ್ಮ ಸೊಸೈಟಿಯ ಸರದಿ ಬಂದಾಗ ಎರಡು ಕಾಗದ ಕೇಳಿ. ರಿಪೇರಿಯ ಅಂದಾಜು ಒಂದು. ಹೊಸ ಕಟ್ಟಡಕ್ಕೆ ಬೀಳುವ ಸಿಮೆಂಟು, ಕಬ್ಬಿಣ ಎಷ್ಟೆಷ್ಟು ಟನ್ ಎಂಬ ಪಟ್ಟಿ ಇನ್ನೊಂದು. ನಾನು ಕೇಳಿದಾಗ ಟೆಂಡರ್ ಫಾರ್ಮಿನಲ್ಲಿ ಅಂಥ ಕಾಲಂ ಇಲ್ಲ ಎಂದರು ನಮ್ಮ ಸೆಕ್ರೆಟರಿ. ಕಾಲಂ ಸೇರಿಸಿ ಎಂದು ಪತ್ರ ಕೊಟ್ಟಿದ್ದೇನೆ. ಮುಂದಿನ ತಿಂಗಳು ಜನರಲ್ ಬಾಡಿ ಇದೆ.