'ರೆ' ಗೊತ್ತಿದ್ದವನಿಗೆ 'ಇಫ್' ಯಾಕೆ ಕಷ್ಟ?

ಮೊದಲು ನನ್ನ ಮರ್ಯಾದೆ ಹೋದ ಕತೆ ಹೇಳಿಬಿಡ್ತೀನಿ.

ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಶುಕ್ರವಾರ ಹೋಗಬೇಕಿದ್ದ ರಿಲೀಸ್ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ, ಯಾಕೆ ತಡ ಅಂತ ಕ್ಲೈಂಟಿನ ಮೇಲ್ ಬಂತು. ಆಗ ನನ್ನ ತಲೆಯಲ್ಲಿ ಇದ್ದದ್ದು ಅಚ್ಚ ಕನ್ನಡ: 'ಇನ್ನೊಬ್ಬ ಟೆಸ್ಟರ್ ಇದ್ದಿದ್ದರೆ ಶುಕ್ರವಾರದೊಳಗೆ ಮುಗಿಸ್ತಿದ್ವಿ.' ಅದನ್ನೇ ಇಂಗ್ಲಿಷಿಗೆ ಇಳಿಸಿದೆ: 'ಇಫ್ ವಿ ಹ್ಯಾಡ್ ಒನ್ ಮೋರ್ ಟೆಸ್ಟರ್, ವಿ ವುಡ್ ಫಿನಿಶ್ ಬೈ ಫ್ರೈಡೇ.' ನಾನು ಬರೆದದ್ದು ಕಳೆದ ಶುಕ್ರವಾರದ ಗೋಳು. ಅವರು ಓದಿಕೊಂಡದ್ದು ಬರುವ ಶುಕ್ರವಾರದ ಭರವಸೆ! ಮಂಗಳವಾರ ಒಬ್ಬ ಟೆಸ್ಟರ್ ಮಂಜೂರಾದ. ಜೊತೆಗೆ, ಹಾಗಾದರೆ ಶುಕ್ರವಾರ ನೋಡೋಣ ಅಂತ ಮೇಲೂ ಬಂತು. ಆ ಶುಕ್ರವಾರವೂ ಕೆಲಸ ಮುಗಿಯಲಿಲ್ಲ. ಮ್ಯಾನೇಜರ್ ಕ್ಯಾಬಿನ್ನಿನಲ್ಲಿ ನನಗೆ ಸಾಂಗವಾಗಿ ಮಂಗಳಾರತಿ ಆಯಿತು.

ಪ್ರಾಯಶ್ಚಿತ್ತಕ್ಕೆ ನನ್ನನ್ನು ಕಮ್ಯುನಿಕೇಶನ್ ಟ್ರೇನಿಂಗಿಗೆ ಕಳಿಸಿದರು. ಅಲ್ಲಿ ಸ್ಲೈಡ್ ಮೇಲೆ ನಾಲ್ಕು ಸಾಲು: ಟೈಪ್ ಜೀರೋ, ಟೈಪ್ ಒನ್, ಟೈಪ್ ಟೂ, ಟೈಪ್ ಥ್ರೀ. ಇಫ್ ಪ್ಲಸ್ ಪಾಸ್ಟ್ ಪರ್ಫೆಕ್ಟ್, ಆಮೇಲೆ ವುಡ್ ಹ್ಯಾವ್ ಪ್ಲಸ್ ಪಾಸ್ಟ್ ಪಾರ್ಟಿಸಿಪಲ್. ಫಾರ್ಮುಲಾ ಬಾಯಿಪಾಠ ಹೊಡೆಯೋದು ನನಗೇನೂ ಹೊಸದಲ್ಲ, ಬಿಇ ಪಾಸಾಗಿದ್ದೇ ಹಾಗೆ. ಉದಾಹರಣೆ ಮಾತ್ರ 'ಇಫ್ ಇಟ್ ಸ್ನೋಸ್.' ಕೊಪ್ಪದ ಹುಡುಗನಿಗೆ ಹಿಮ! ನಾನು ಹಿಮ ಕಂಡದ್ದು ಪಕ್ಕದ ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ.

ಅದೇ ದಿನ ರಾತ್ರಿ ಊರಿಂದ ಅಪ್ಪಯ್ಯನ ಫೋನು. 'ಮಳೆ ಹಿಡಿಯೋಕೆ ಮುಂಚೆ ಔಷಧಿ ಹೊಡೆಸಿದ್ರೆ ಈ ಸಲ ಕೊಳೆ ಬರ್ತಿರ್ಲಿಲ್ಲ ಮಾರಾಯ' ಅಂದರು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮನುಷ್ಯ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಅನ್ನುವ ಬೋರ್ಡೋ ದ್ರಾವಣದ ಲೆಕ್ಕದಷ್ಟೇ ಸಲೀಸಾಗಿ ಟೈಪ್ ಥ್ರೀ ಕಂಡೀಶನಲ್ ಹೇಳಿ ಫೋನ್ ಇಟ್ಟರು. ಹದಿನೈದು ವರ್ಷ ಇಂಗ್ಲಿಷ್ ಓದಿದ ನಾನು ಅದನ್ನೇ ಬರೆಯಲಾಗದೆ ಟ್ರೇನಿಂಗಿನಲ್ಲಿ ಕೂತಿದ್ದೆ.

ನನ್ನ ಜಗಳ ಇರೋದು ಇಲ್ಲೇ. 'ಇಫ್' ನಮಗೆ ಕಷ್ಟ ಆದದ್ದು ಹಳ್ಳಿಯವರು ದಡ್ಡರು ಅಂತಲ್ಲ. ನಮ್ಮ ತಲೆಯಲ್ಲಿ ಆಗಲೇ ಇದ್ದ ಒಂದು ಪೂರ್ತಿ ವ್ಯಾಕರಣವನ್ನು ಕ್ಲಾಸಿನ ಹೊರಗೆ, ಚಪ್ಪಲಿ ಜೊತೆ ಬಿಟ್ಟು ಬರಲು ಹೇಳಿದರಲ್ಲ, ಅದಕ್ಕೆ.

ಹೇಗೆ ಅಂತ ನೋಡಿ. 'ನಾಳೆ ಮಳೆ ಬಂದರೆ ಔಷಧಿ ಹೊಡೆಯಲ್ಲ.' ನಾಳೆಯ ಮಾತು, ಆದರೂ 'ಬಂದರೆ' ಒಳಗೆ ಕೂತಿರೋದು 'ಬಂದ', ಭೂತಕಾಲದ ರೂಪ. ಮಳೆ ನಾಳೆ ಬರುವುದಾದರೂ 'ಬರುತ್ತದರೆ' ಅಂತ ಯಾರೂ ಹೇಳಲ್ಲ. ಇಂಗ್ಲಿಷೂ ಹೀಗೇ ಜಾರಿಕೊಳ್ಳುತ್ತೆ. 'ಇಫ್ ಇಟ್ ವಿಲ್ ರೇನ್' ಅನ್ನಲ್ಲ, 'ಇಫ್ ಇಟ್ ರೇನ್ಸ್' ಅನ್ನುತ್ತೆ. 'ಷರತ್ತಿನ ಕಡೆಗೆ ಭವಿಷ್ಯತ್ ಹಾಕಬೇಡ, ಕನ್ನಡದಲ್ಲೂ ಹಾಕಲ್ಲ ನೋಡು' ಅಂತ ಒಬ್ಬ ಮೇಷ್ಟ್ರು ಒಂದೇ ಒಂದು ಸಲ ಹೇಳಿದ್ದರೆ ಸಾಕಿತ್ತು, ಹತ್ತು ವರ್ಷದ ಕೆಂಪು ಗೆರೆ ಉಳೀತಿತ್ತು.

ಇನ್ನು, ನಮ್ಮ 'ರೆ' ಬರೀ 'ಇಫ್' ಅಲ್ಲ, 'ವೆನ್' ಕೂಡ. 'ಬೇಸಿಗೆ ರಜ ಬಂದರೆ ಅಜ್ಜನ ಮನೆ' ಅಂತೀವಿ. ರಜ ಬರುತ್ತೋ ಇಲ್ಲವೋ ಅನ್ನುವ ಅನುಮಾನ ಅದರಲ್ಲಿಲ್ಲ. ಅದನ್ನೇ 'ಇಫ್ ಸಮ್ಮರ್ ಕಮ್ಸ್' ಅಂತ ಬರೆದರೆ ಇಂಗ್ಲಿಷಿನವನಿಗೆ ಈ ವರ್ಷ ಬೇಸಿಗೆಯೇ ಡೌಟು ಅನ್ನಿಸುತ್ತೆ. ಹಾಗೇ 'ಅನ್‌ಲೆಸ್.' ನಮ್ಮ 'ಬರದಿದ್ದರೆ'ಯಲ್ಲಿರುವ 'ಇಲ್ಲ' ಅದರ ಹೊಟ್ಟೆಯೊಳಗೇ ಇದೆ. ಇದು ಗೊತ್ತಿಲ್ಲದೆ 'ಅನ್‌ಲೆಸ್ ಯು ಡೋಂಟ್ ಕಮ್' ಅಂತ ಬರೆದು ಅರ್ಥವನ್ನೇ ತಲೆಕೆಳಗು ಮಾಡ್ತೀವಿ.

ನನ್ನ ಮೇಲ್ ಎಡವಿದ್ದು ಎಲ್ಲಿ? 'ದುಡ್ಡು ಇದ್ದಿದ್ದರೆ ಕೊಡ್ತಿದ್ದೆ' ಅನ್ನುವ ಒಂದೇ ವಾಕ್ಯ ನಮಗೆ ಎರಡು ಕೆಲಸ ಮಾಡುತ್ತೆ. ಈಗ ಇಲ್ಲ ಅಂತಲೂ ಆಯಿತು, ಆವತ್ತು ಇರಲಿಲ್ಲ ಅಂತಲೂ ಆಯಿತು. ಬೇಕಾದರೆ 'ಈಗ', 'ಆವಾಗ' ಸೇರಿಸಿಕೊಳ್ತೀವಿ. ಇಂಗ್ಲಿಷ್ ಅದನ್ನು ಎರಡು ಡಬ್ಬಿಯಲ್ಲಿ ಇಡುತ್ತೆ. ಈಗ ಇಲ್ಲದ್ದಕ್ಕೆ 'ಹ್ಯಾಡ್, ವುಡ್ ಗಿವ್.' ಆವತ್ತು ಇಲ್ಲದ್ದಕ್ಕೆ 'ಹ್ಯಾಡ್ ಹ್ಯಾಡ್, ವುಡ್ ಹ್ಯಾವ್ ಗಿವನ್.' ಇಡೀ ಟೈಪ್ ಟೂ, ಟೈಪ್ ಥ್ರೀ ಗೋಜಲು ಇಷ್ಟೇ. ಕನ್ನಡದಲ್ಲಿ ಐದು ನಿಮಿಷದ ಪಾಠ. ಇಂಗ್ಲಿಷಿನಲ್ಲೇ ಹೇಳಿದ್ದಕ್ಕೆ ನನಗೆ ಹದಿನೈದು ವರ್ಷ ಹಿಡಿಯಿತು. ತಮಾಷೆ ಅಂದರೆ, ಸಿ ಪ್ರೋಗ್ರಾಮಿನ ಇಫ್-ಎಲ್ಸ್ ಒಂದೇ ಮಧ್ಯಾಹ್ನಕ್ಕೆ ಬಂತು. ಪಾಪ, ಕಂಪೈಲರಿಗೆ 'ಮಾಡಿದ್ದರೆ ಆಗ್ತಿತ್ತು' ಅನ್ನುವ ಕೊರಗಿಲ್ಲ.

'ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲೀಬೇಕು, ಕಿವಿಗೆ ಬಿದ್ದರೆ ತಾನಾಗೇ ಬರುತ್ತೆ' ಅನ್ನೋರು ಇದ್ದಾರೆ. ಸರಿ ಸ್ವಾಮಿ, ಎಲ್ಲಿ ಕಿವಿಗೆ ಬೀಳಬೇಕು? ಎನ್.ಆರ್.ಪುರದ ಬಸ್‌ಸ್ಟ್ಯಾಂಡಿನಲ್ಲಾ, ಶೃಂಗೇರಿ ಸಂತೆಯಲ್ಲಾ? ಮನೆಯಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಟಿವಿಯಲ್ಲಿ ಇಂಗ್ಲಿಷ್ ಕೇಳುತ್ತಾ ಬೆಳೆದ ಮಗುವಿಗೆ ಆ ದಾರಿ ಸರಿ. ವಾರಕ್ಕೆ ಐದಾರು ಪೀರಿಯಡ್ ಬಿಟ್ಟರೆ ಇಂಗ್ಲಿಷೇ ಕೇಳದ ಮಗುವಿಗೂ ಅದನ್ನೇ ತೋರಿಸಿದರೆ ಅದು ಪಾಠ ಅಲ್ಲ, ಜರಡಿ. ಕಿವಿಗೆ ಮೊದಲೇ ಬಿದ್ದವರು ಮೇಲೆ ಉಳೀತಾರೆ, ಉಳಿದವರು ಕೆಳಗೆ ಉದುರ್ತಾರೆ. ಆಮೇಲೆ ಉದುರಿದವರಿಗೆ ಕಾನ್ಫಿಡೆನ್ಸ್ ಇಲ್ಲ ಅಂತ ಷರಾ ಬರೀತಾರೆ.

ಹಾಗೆ ಉದುರಿದವನು ನನ್ನ ಗೆಳೆಯನೊಬ್ಬ. ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ನನಗಿಂತ ಹೆಚ್ಚು ಅಂಕ ತೆಗೆದವನು. ಪಿಯುಸಿ ಸೈನ್ಸಿನಲ್ಲಿ ಪ್ರಶ್ನೆಪತ್ರಿಕೆ 'ಇಫ್' ಅಂತ ಶುರುವಾಗಿ ನಾಲ್ಕು ಸಾಲು ಓಡಿದರೆ ಯಾವುದು ಷರತ್ತು, ಯಾವುದು ಕೇಳಿದ್ದು ಅಂತಲೇ ಅವನಿಗೆ ಗೊತ್ತಾಗ್ತಿರಲಿಲ್ಲ. ಫೇಲಾದದ್ದು ಫಿಸಿಕ್ಸಿನಲ್ಲಿ ಅಂತ ಅಂಕಪಟ್ಟಿ ಹೇಳುತ್ತೆ. ನಾನು ಒಪ್ಪಲ್ಲ. ಈಗ ಪಿಕಪ್ ಓಡಿಸ್ತಾನೆ, ಚೆನ್ನಾಗೇ ಇದ್ದಾನೆ. ಊರಿಗೆ ಹೋದಾಗ ಅವನ ಗಾಡಿಯಲ್ಲಿ ಕೂತರೆ ಅವನು ಆ ಮಾತೇ ಎತ್ತಲ್ಲ. ನನಗೇ ಮುಜುಗರ.

ನಾನು ಕನ್ನಡದ ಬಾವುಟ ಹಿಡಿದು 'ಇಂಗ್ಲಿಷ್ ತೊಲಗಿಸಿ' ಅಂತಿಲ್ಲ. ನನ್ನ ಅನ್ನವೇ ಅದರಲ್ಲಿದೆ. 2007ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಶುರುವಾದಾಗ ನಾನು ಖುಷಿಪಟ್ಟವನು. ಆದರೆ ಯಾವಾಗಿನಿಂದ ಕಲಿಸಬೇಕು ಅಂತ ಕಿತ್ತಾಡಿದಷ್ಟು ಹೊತ್ತು ಹೇಗೆ ಕಲಿಸಬೇಕು ಅಂತ ನಾವು ಕಿತ್ತಾಡಲಿಲ್ಲ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಅಂತ ಡಿ.ಎನ್. ಶಂಕರ ಭಟ್ಟರು ಪುಸ್ತಕವನ್ನೇ ಬರೆದರು. ಅದು ಬರೀ ಕನ್ನಡ ಮೇಷ್ಟ್ರುಗಳ ಜಗಳ ಅಂದುಕೊಂಡೆವು. ನಮ್ಮ ವಾಕ್ಯ ಹೇಗೆ ನಿಂತಿದೆ ಅಂತ ಗೊತ್ತಿಲ್ಲದವನು ಇನ್ನೊಬ್ಬರ ವಾಕ್ಯದಲ್ಲಿ ಬೀಳದೆ ಇನ್ನೇನಾಗ್ತಾನೆ?

ಉದಾಹರಣೆಗೆ ಹಿಮ ಯಾಕೆ ಬೇಕು, ನಮ್ಮ ಮೂರು ತಾಲೂಕೇ ಸಾಕು. ಶೃಂಗೇರಿಯ ಮಗುವಿಗೆ: ತುಂಗೆ ಉಕ್ಕಿದರೆ ಕಪ್ಪೆಶಂಕರ ಮುಳುಗುತ್ತದೆ. ಪ್ರತಿ ಮಳೆಗಾಲ ಕಣ್ಣಾರೆ ಕಂಡ ಟೈಪ್ ಜೀರೋ. ಎನ್.ಆರ್.ಪುರದ ಮಗುವಿಗೆ: ಭದ್ರಾ ಅಣೆಕಟ್ಟು ಕಟ್ಟದಿದ್ದರೆ ತರೀಕೆರೆಯಿಂದ ನಮ್ಮೂರಿಗೆ ಈಗಲೂ ಸಣ್ಣ ರೈಲು ಬರುತ್ತಿತ್ತು. ಆ ಹಳಿ ಹಿನ್ನೀರಿನಲ್ಲಿ ಹೋದದ್ದನ್ನು ಅಜ್ಜಂದಿರು ಹೇಳ್ತಾರೆ. ಕಟ್ಟಿದ್ದು ಆವತ್ತು, ರೈಲಿಲ್ಲದ್ದು ಇವತ್ತು, ಹಾಗಾಗಿ ಎರಡೂ ಡಬ್ಬಿ ಬೆರೆತ ವಾಕ್ಯ. ಕೊಪ್ಪದ ಮಗುವಿಗೆ: ಜೇಮ್ಸ್ ಕಸಿನ್ಸ್ ಸಲಹೆ ಕೊಡದಿದ್ದರೆ ಕುವೆಂಪು ಇಂಗ್ಲಿಷಿನಲ್ಲೇ ಬರೆಯುತ್ತಿದ್ದರೇನೋ. ಕುವೆಂಪು ಹುಟ್ಟಿದ್ದು ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ. ಅವರ ಮೊದಲ ಪುಸ್ತಕ, 1922ರ 'ಬಿಗಿನರ್ಸ್ ಮ್ಯೂಸ್', ಇಂಗ್ಲಿಷಿನದು. ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂತ ಅವರಿಗೆ ಹೇಳಿದ್ದು ಒಬ್ಬ ಐರಿಷ್ ಕವಿ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಅರ್ಧ ಜನ ನನ್ನ ಹಾಗೆ ವಾರಾಂತ್ಯದ ರಾತ್ರಿ ಬಸ್ಸು ಹತ್ತಿ ಊರಿಗೆ ಹೋಗೋರು. ಈ ಸಲ ಹೋದಾಗ ಅಕ್ಕನ ಮಗನಿಗೋ ಪಕ್ಕದ ಮನೆ ಹುಡುಗಿಗೋ ಚಾಕೊಲೇಟ್ ಜೊತೆ ಒಂದರ್ಧ ಗಂಟೆ ಕೊಡಿ. ಗ್ರಾಮರ್ ಪುಸ್ತಕ ಮುಚ್ಚಿಸಿ. 'ಔಷಧಿ ಹೊಡೆಸಿದ್ದರೆ ಕೊಳೆ ಬರ್ತಿರಲಿಲ್ಲ' ಅನ್ನೋದನ್ನು ಇಂಗ್ಲಿಷಿನಲ್ಲಿ ಹೇಳಿಸಿ. ಹೋದ ತಿಂಗಳು ನಾನು ಆ ಪಿಕಪ್ ಗೆಳೆಯನ ಮಗಳಿಗೆ ಹೇಳಿಕೊಟ್ಟೆ. ಎಂಟನೇ ಕ್ಲಾಸು. ಮೂರನೇ ಸಲಕ್ಕೆ ಸರಿಯಾಗಿ ಹೇಳಿ, 'ಇಷ್ಟೇನಾ ಮಾಮ?' ಅಂದಳು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವಳಪ್ಪ ಏನೂ ಹೇಳದೆ ಗಾಡಿ ತೊಳೆಯಲು ಹೋದ.