ಬುಶ್ಶು ನೆನೆ ಹಾಕೋಕೆ ಏನು ದಾಡಿ?

ಅವರೆಕಾಳು ನೆನೆ ಹಾಕ್ದಲೆ ಹಿತಕೋಕೆ ಆಗ್ತೈತಾ? ನಮ್ಮ ಗೊರವನಹಳ್ಳಿ ಕಡೆ ಸಣ್ಣ ಹುಡುಗೀನ ಕೇಳಿದ್ರೂ ಹೇಳ್ತಾಳೆ. ಹಳೇ ಕಾರು ರಿಪೇರಿ ಮಾಡೋ ಗಂಡಸ್ರಿಗೆ ಮಾತ್ರ ಇದನ್ನ ಬಾಯಿಬಿಟ್ಟು ಹೇಳ್ಬೇಕು.

ನಾನು ಹೇಳ್ತಿರೋದು ನಮ್ಮನೆ ಅಂಬಾಸಿಡರಿನ ಸ್ಟಾರ್ಟರ್ ಬುಶ್ಶಿನ ವಿಷ್ಯ. ಬಳೆ ತುಂಡಿನಂಥ ಕಂಚಿನ ಕೊಳವೆ, ಅದ್ರೊಳಗೆ ಮೋಟ್ರಿನ ದಂಡ ತಿರುಗ್ತೈತೆ. ಎರಕ ಹೊಯ್ದ ಕಂಚಲ್ಲ, ತಾಮ್ರ ತವರದ ಪುಡಿ ಒತ್ತಿ ಕಾಯಿಸಿ ಮಾಡಿದ್ದು. ಮಣ್ಣಿನ ಹೂಜಿ ಥರ ಮೈತುಂಬ ಕಣ್ಣಿಗೆ ಕಾಣದ ತೂತು, ಅದ್ರೊಳಗೆ ಎಣ್ಣೆ. ತಿರುಗಿ ಬಿಸಿಯಾದಾಗ ಬೆವರ್ತೈತೆ, ಆರಿದಾಗ ವಾಪಸ್ ಹೀರ್ಕೊಳ್ತೈತೆ.

ಅಂಬಾಸಿಡರ್ ತಯಾರಿ 2014ರಲ್ಲೇ ನಿಂತೋಯ್ತು. ಅಂಗಡಿಯೋರು ಅಟ್ಟದಿಂದ "ಕಂಪನಿ ಮಾಲು, ಹಳೇ ಸ್ಟಾಕು" ಅಂತ ಇಳಿಸಿ ಕೊಡೋದು ವರ್ಷಗಟ್ಲೆ ಕಾಗದದ ಪೊಟ್ಟಣದಲ್ಲಿ ಕೂತಿದ್ದೇ. ಬೋಂಡದ ಎಣ್ಣೆ ಹೀರೋ ಕಾಗದ ಬುಶ್ಶಿನ ಎಣ್ಣೆ ಬಿಡ್ತೈತಾ? ಮಾಲು ಚೆನ್ನಾಗೇ ಐತೆ, ಒಣಗೈತೆ ಅಷ್ಟೆ.

"ಇದ್ರಲ್ಲೇ ಎಣ್ಣೆ ತುಂಬಿರ್ತೈತೆ, ನಿಮಗೆ ಗೊತ್ತಾಗಲ್ಲ ಬಿಡಕ್ಕ" ಅಂತ ಒಬ್ಬ ಮೆಕ್ಯಾನಿಕ್ಕು ಒಣಗಿದ್ದನ್ನೇ ಬಡಿದ. ಬಿಗಿ ಆಯ್ತು ಅಂತ ಒಳಗೆ ಎಮರಿ ಕಾಗದ ಬೇರೆ ಆಡಿಸ್ದ. ಉಜ್ಜಿದ್ರೆ ತೂತಿನ ಬಾಯೇ ಮುಚ್ಚೋಗ್ತೈತೆ. ಆರು ತಿಂಗ್ಳಿಗೆ ಬುಶ್ಶು ಸವೆದು ಆರ್ಮೇಚರ್ ಉಜ್ಜೋಕೆ ಶುರು. ನೋವು ತಿನ್ನೋ ಓರಗಿತ್ತಿನ ಕೂರಿಸ್ಕೊಂಡು ರಾತ್ರಿ ಹನ್ನೊಂದಕ್ಕೆ ಕೊರಟಗೆರೆಗೆ ಹೊರಟ್ರೆ ಸ್ಟಾರ್ಟರ್ ಕಿರ್ರ್ ಅಂತ ನಿಂತೋಯ್ತು. ತಳ್ಳಿದ್ಯಾರು? ನಾನೂ ನಮ್ಮತ್ತೇನೂ!

ಕೆಲ್ಸ ಏನು ದೊಡ್ಡದಲ್ಲ ಕಣ್ರಮ್ಮ. ಹಾಕೋ ಮೊದ್ಲು ಒಂದು ಹಗಲು ಒಂದು ರಾತ್ರಿ ಹೊಸ ಇಂಜಿನ್ ಆಯಿಲಲ್ಲಿ ಮುಳುಗಿಸಿಡ್ಬೇಕು. ಆಮೇಲೆ ಕೆಳಗಿನ ಬಾಯಿ ಹೆಬ್ಬೆಟ್ಟಲ್ಲಿ ಮುಚ್ಚಿ, ಒಳಗೆ ಎಣ್ಣೆ ತುಂಬಿ, ಮೇಲಿಂದ ಬೆರಳಲ್ಲಿ ಒತ್ತಿ ನೋಡಿ. ಹೊರಮೈಲಿ ಬೆವರು ಬಂತಾ, ಸರಿಯಾಯ್ತು. ಸೀಮೆಎಣ್ಣೇಲಿ ತೊಳೀಬಾರ್ದು, ಇರೋ ಎಣ್ಣೇನೂ ಹೊರಟೋಗ್ತೈತೆ. ಗ್ರೀಸ್ ಮೆತ್ತಿದ್ರೆ ತೂತು ಕಟ್ಕೊಳ್ತೈತೆ. ಕೊಬ್ಬರಿ ಎಣ್ಣೆ ತಲೆಗಿರಲಿ, ಚಳೀಲಿ ಗಟ್ಟಿಯಾಗೋದು ಅಲ್ಯಾಕೆ? ಮಿಕ್ಕಿದ ಬುಶ್ಶನ್ನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡಿ, ಬಟ್ಟೇಲಿ ಸುತ್ಬೇಡಿ.

ಹಳೇ ಡೈನಮೋ ಇದ್ರೆ ಅದ್ರ ಹಿಂದ್ಲ ಸಣ್ಣ ತೂತಿಗೂ ಆವಾಗಾವಾಗ ಎರಡು ಹನಿ ಬಿಡ್ಸಿ. ಎರಡೇ! ಜಾಸ್ತಿಯಾದ್ರೆ ಕಾರ್ಬನ್ ಬ್ರಷ್‌ಗೆ ಇಳೀತೈತೆ.

ನಮ್ಮನೇಲಿ ಕಾರಿಲ್ಲ ಅಂತ ಸುಮ್ಕಾಗ್ಬೇಡಿ. ಎಷ್ಟೋ ಟೇಬಲ್ ಫ್ಯಾನಿನ ಮೋಟ್ರಲ್ಲೂ ಇರೋದು ಇಂಥದ್ದೇ ಬುಶ್ಶು. ರಿಪೇರಿಯೋನು ಪೊಟ್ಟಣ ಬಿಚ್ಚಿ ಸುತ್ತಿಗೆ ಎತ್ತಿದ್ರೆ ತಡೀರಿ. "ನಾಳೆ ಬಾರಪ್ಪ, ಇನ್ನೂ ನೆನೀಬೇಕು" ಅನ್ನಿ.